ಮಗಳ ಹೆಸರು ಹೇಳದ ಮುನಿಗಂಗಮ್ಮ

ಅಟ್ಟೂರಿನ ಮುನಿಗಂಗಮ್ಮ ತಾನು ಹೆತ್ತ ಮಗಳನ್ನು ಹುಟ್ಟಿದಾಗಿನಿಂದ ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ. ಮಗಳ ಮೇಲೆ ಮುನಿಸೇನೂ ಇರಲಿಲ್ಲ. ಮಗುವಿಗೆ ಸತ್ತ ಅತ್ತೆಯ ಹೆಸರಿಟ್ಟಿದ್ದರು, ಪಟಾಲಮ್ಮ ಎಂದು. ಅತ್ತೆಯ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳುವುದುಂಟೆ? ಊರದೇವತೆಯ ಹೆಸರೂ ಅದೇ ಆಗಿದ್ದರಿಂದ, ಮದುವೆಯಾಗಿ ಬಂದ ದಿನದಿಂದ ಆಕೆ ದೇವರಿಗೂ ‘ಊರಮ್ಮ’ ಎಂದೇ ಕೈಮುಗಿಯುತ್ತಿದ್ದಳು. ದೇವಿ ಅದಕ್ಕೆ ಬೇಸರ ಮಾಡಿಕೊಂಡ ಹಾಗೆ ಕಾಣಲಿಲ್ಲ.

ಸತ್ತ ಪಟಾಲಮ್ಮ ಸಾಮಾನ್ಯ ಹೆಂಗಸಲ್ಲ. ಅಟ್ಟೂರಿನಿಂದ ಶೆಟ್ಟಿಹಳ್ಳಿಯವರೆಗೆ ಯಾರ ಮನೆ ಮುಂದೆ ಚಪ್ಪರ ಎದ್ದರೂ ಸೋಬಾನೆ ಪದಕ್ಕೆ ಆಕೆಯೇ ಬರಬೇಕು. ಆಕೆ ಬಾಯಿ ತೆಗೆದರೆ ಬೀಗರ ಜಗಳ ಅರ್ಧಕ್ಕೇ ನಿಲ್ಲುತ್ತಿತ್ತಂತೆ. ಐವತ್ತಮೂರನೇ ಇಸವಿಯ ಬೇಸಗೆಯಲ್ಲಿ ಜ್ವರ ಬಂದು ತೀರಿಕೊಂಡಳು. ಮಾರನೆಯ ವರ್ಷ ಈ ಹುಡುಗಿ ಹುಟ್ಟಿದಳು. ಮಗು ಕಿಟಾರನೆ ಅತ್ತದ್ದೇ ತಡ, ಮುನಿಗಂಗಮ್ಮನ ಗಂಡ ಪಿಳ್ಳಪ್ಪ ಹೊಲದಿಂದ ಓಡಿಬಂದು, “ನಮ್ಮವ್ವನ ಗಂಟ್ಲೇ ಕಣ್ರೋ! ಬಂದ್ಬುಟ್ಳು ನಮ್ಮವ್ವ!” ಎಂದು ಕುಣಿದಾಡಿದ. ತಾಯಿ ಸತ್ತಾಗ ಒಂದು ಹನಿ ಕಣ್ಣೀರು ಹಾಕದ ಗಂಡಸು ಅವತ್ತು ಊರಿಗೆಲ್ಲ ಬೆಲ್ಲ ಹಂಚಿದ.

ಅಲ್ಲಿಂದ ಶುರುವಾಯಿತು ನೋಡಿ. ತೊಟ್ಟಿಲ ಮುಂದೆ ಕೈಕಟ್ಟಿ ನಿಂತು, “ಅವ್ವಾ, ಕೆರೆ ಕೆಳಗೆ ಭತ್ತ ಆಕ್ಲಾ, ರಾಗಿ ಆಕ್ಲಾ?” ಎಂದು ಅಪ್ಪಣೆ ಕೇಳುವನು. ಕೂಸು ಕಾಲು ಒದ್ದರೆ ಭತ್ತ, ಬೆರಳು ಚೀಪಿದರೆ ರಾಗಿ. ಬೆಳೆ ಕೈಗೆ ಬಂದರೆ ಅವ್ವನ ಮಹಿಮೆ. ಕೆಟ್ಟರೆ ತನಗೇ ಸರಿಯಾಗಿ ತಿಳಿಯಲಿಲ್ಲ ಎನ್ನುವನು. ಊರವರೇನು ಕಡಿಮೆಯೇ? ಹುಡುಗಿ ಅವರೆಕಾಳು ಬೇಡವೆಂದರೆ “ಪಟಾಲಮ್ಮಂಗೂ ಆಯ್ತಿರ್ಲಿಲ್ಲ” ಎನ್ನುವರು. ಕೇಳಿ ಹಾಕಿಸಿಕೊಂಡು ತಿಂದರೆ “ಓದ್ ಜನ್ಮದ ಆಸೆ ತೀರಿಸ್ಕಂತಾವ್ಳೆ” ಎನ್ನುವರು. ಆ ಮಗು ಏನು ಮಾಡಿದರೂ ಅಜ್ಜಿಗೇ ಜಮಾ ಆಗುತ್ತಿತ್ತು.

ಮುನಿಗಂಗಮ್ಮನಿಗೆ ಮಾತ್ರ ಈ ಸೌಕರ್ಯ ಇರಲಿಲ್ಲ. ಕರೆಯೋಣವೆಂದರೆ ಹೆಸರಿಲ್ಲ. ಗಂಡನ ಹಾಗೆ ‘ಅವ್ವ’ ಎನ್ನಲು ಬಾಯಿ ಬಾರದು. ಆ ಅವ್ವನ ಕೈಕೆಳಗೆ ವರ್ಷಗಟ್ಟಲೆ ಮುದ್ದೆ ತೊಳಸಿದವಳು ಆಕೆ. ಹಾಗಾಗಿ ಮಗಳು ಆ ಹೊತ್ತಿಗೆ ಏನು ಮಾಡುತ್ತಿರುವಳೋ ಅದನ್ನೇ ಹಿಡಿದು ಕೂಗುವಳು. “ಏ ಇರುವೆ ನೋಡೋಳೇ, ಉಣ್ಣಾಕ್ ಬಾ!” “ಏ ಈರೇಕಾಯ್ ಬಗಿಯೋಳೇ, ನೀರ್ ತತ್ತಾ!” ಹೀಗೆ ಕೂಗಬೇಕಾದರೆ ಮೊದಲು ಮಗಳ ಕಡೆ ತಿರುಗಿ ನೋಡಬೇಕಲ್ಲ. ನೋಡಿದಳು. ಕಸ ಗುಡಿಸುತ್ತ, ಬೆರಣಿ ತಟ್ಟುತ್ತ ದಿನವೂ ನೋಡಿದಳು. ನೋಡುತ್ತ ನೋಡುತ್ತ ಆಕೆಗೊಂದು ಹುಚ್ಚು ಕುತೂಹಲ ಹತ್ತಿತು: ಇವಳು ಯಾರಿರಬಹುದು?

ಅತ್ತೆ ಮಾತಿನ ಮಲ್ಲಿ. ಸುತ್ತ ಹತ್ತು ಜನ ಇದ್ದರೇ ಆಕೆಗೆ ಉಸಿರು. ಈ ಹುಡುಗಿಗೆ ಜನ ಬೇಡ. ಯಾವ ವಸ್ತು ಕಂಡರೂ ಬಿಚ್ಚಬೇಕು, ಹೇಗೆ ಕೂಡಿಕೊಂಡಿದೆ ಎಂದು ನೋಡಬೇಕು, ಮತ್ತೆ ಹಾಗೆಯೇ ಕೂಡಿಸಬೇಕು. ಒಂದು ದಿನ ಹೊಸ ಮೊರವನ್ನೇ ಬಿಚ್ಚಿ ಹರವಿಕೊಂಡು ಕೂತಿದ್ದಳು. ಮುನಿಗಂಗಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅತ್ತೆಯ ಹೆಸರಿಟ್ಟ ಮಗುವನ್ನು ಹೊಡೆಯುವ ಹಾಗಿಲ್ಲ. ಎತ್ತಿದ ಕೈ ಇಳಿಸಿ, ಬೇರೇನೂ ತೋಚದೆ, “ಒಳಗೇನಿತ್ತೇ?” ಎಂದು ಕೇಳಿದಳು.

“ಬಿದಿರ್ ಸೀಳು ಮೇಲೊಂದು ಕೆಳಗೊಂದು ಓಗೈತೆ ಕಣವ್ವ. ಅಂಚ್ನಾಗ್ ಮಾತ್ರ ವಾಪಸ್ ತಿರುಗ್ತೈತೆ. ಯಾಕೆ?”

ಮುನಿಗಂಗಮ್ಮನಿಗೂ ಗೊತ್ತಿರಲಿಲ್ಲ. ಬುದ್ಧಿ ಬಂದಾಗಿನಿಂದ ಮೊರ ಹಿಡಿದ ಹೆಂಗಸು ಅದರ ಅಂಚನ್ನು ಒಂದು ದಿನವೂ ನೋಡಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಮಗಳ ಪಕ್ಕ ಕೂತಳು. ಅವತ್ತು ಒಲೆಯ ಮೇಲಿನ ಸಾರು ತಳ ಹತ್ತಿತು. ಮೊರ ಮತ್ತೆ ಕೂಡಿಕೊಂಡಿತು, ಸ್ವಲ್ಪ ಸೊಟ್ಟಗೆ. ಆ ಸೊಟ್ಟ ಮೊರದಲ್ಲೇ ಆಕೆ ಕೇರಿಯವರಿಗೆಲ್ಲ ತೋರಿಸಿಕೊಂಡು ರಾಗಿ ಕೇರಿದಳು.

ಇಷ್ಟೆಲ್ಲ ಇದ್ದ ಹುಡುಗಿಗೆ ಪದ ಮಾತ್ರ ಬಾರದು. ರಾಗ ಎಳೆದರೆ ಹಳೇ ಕದ ತೆಗೆದ ಸದ್ದು. ಪಿಳ್ಳಪ್ಪ ಹೆದರಲಿಲ್ಲ. “ಅವ್ವ ಸುಮ್ಕವ್ಳೆ ಅಷ್ಟೆ. ಟೈಮ್ ಬರ್ಲಿ,” ಎನ್ನುವನು.

“ಅವ್ಳಿಗೆ ಪದ ಬರಲ್ಲ. ನೀವು ಒಂದ್ ಕಿತ ಪಕ್ಕದಾಗ್ ಕೂತ್ಕಂಡು ನೋಡಿ,” ಎಂದಳು ಮುನಿಗಂಗಮ್ಮ.

“ನೋಡಾದೇನೈತೆ? ನಮ್ಮವ್ವನ್ನ ನಾನ್ ನೋಡಿಲ್ವಾ?”

ಹುಡುಗಿಗೆ ಎಂಟು ತುಂಬಿದ ವರ್ಷ ಶೆಟ್ಟಿಹಳ್ಳಿಯಲ್ಲಿ ಒಂದು ಮದುವೆ ಕೂಡಿಬಂತು. ಸತ್ತ ಪಟಾಲಮ್ಮನ ತಂಗಿ ಮರಿಯಮ್ಮನ ಮೊಮ್ಮಗಳದು. ಅಕ್ಕ ಹೋದ ಮೇಲೆ ಮರಿಯಮ್ಮನೂ ಪದ ಹೇಳುವುದನ್ನು ಬಿಟ್ಟಿದ್ದಳು. ಮತ್ತೆ ಹುಟ್ಟಿ ಬಂದ ಅಕ್ಕ ಬಾಯಿ ಬಿಡಲಿ, ಜೊತೆಗೆ ಹೇಳುತ್ತೇನೆ ಎಂದು ಕಾದಿದ್ದಳು. ಪಿಳ್ಳಪ್ಪ ಗಾಡಿ ಹೂಡಿ, “ಇವತ್ತು ನಮ್ಮವ್ವ ಪದ ಏಳ್ತಾಳೆ” ಎಂದು ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಸಾರಿಕೊಂಡು ಹೊರಟ. ಗಾಡಿಯ ಹಿಂಬದಿಯಲ್ಲಿ ಮಗಳು ತಾಯಿಯ ಸೆರಗಿನ ಎಳೆ ಬಿಡಿಸುತ್ತಿದ್ದಳು.

“ಪದ ಬರ್ದೆ ಓದ್ರೆ ಅಪ್ಪ ನನ್ನ ಬುಟ್ಬುಡ್ತಾನೇನವ್ವಾ?”

ಇಲ್ಲ ಎಂದು ಹೇಳಬೇಕೆಂದುಕೊಂಡಳು ಮುನಿಗಂಗಮ್ಮ. ಆದರೆ ಅವನು ಹಿಡಿದುಕೊಂಡಿರುವುದು ಸತ್ತ ತಾಯಿಯನ್ನಲ್ಲ, ಇವಳನ್ನೇ ಎಂದು ಹೇಳಲು ಆಕೆಗೆ ಧೈರ್ಯ ಸಾಲಲಿಲ್ಲ.

ಚಪ್ಪರದಲ್ಲಿ ಹೆಣ್ಣು ಗಂಡನ್ನು ಹಸೆಗೆ ಕೂರಿಸಿದರು. ಹುಡುಗಿಯನ್ನು ನಡುವೆ ನಿಲ್ಲಿಸಿದರು. ಮರಿಯಮ್ಮ, “ಅಕ್ಕಾ, ಸುರು ಮಾಡು” ಎಂದಳು. ಹುಡುಗಿ ಬಾಯಿ ತೆರೆದಳು, ಸ್ವರವೇ ಹೊರಡಲಿಲ್ಲ. “ಅಜ್ಜಿಗೆ ಏನೋ ಕ್ವಾಪ ಬಂದೈತೆ,” ಎಂದು ಯಾರೋ ಅಂದರು. “ದೇವಸ್ಥಾನದಿಂದ ತೀರ್ಥ ತರ್ಸಿ,” ಎಂದರು ಇನ್ನೊಬ್ಬರು. ಪಿಳ್ಳಪ್ಪ ಎಂಟು ವರ್ಷದ ಮಗಳ ಮುಂದೆ ಮಂಡಿಯೂರಿ ಕೈಮುಗಿದ. “ಅವ್ವಾ, ಒಂದೇ ಒಂದ್ ಪದ. ನನ್ ಮರ್ಯಾದೆ ಕಳೀಬ್ಯಾಡವ್ವಾ.” ಹುಡುಗಿಯ ಕಣ್ಣು ಗುಂಪಿನಲ್ಲಿ ತಾಯಿಯನ್ನು ಹುಡುಕುತ್ತಿತ್ತು.

ಮುನಿಗಂಗಮ್ಮ ಎದ್ದುನಿಂತಳು. ಕೂಗಬೇಕು. ಏನೆಂದು ಕೂಗುವುದು? ಮಗಳು ಆ ಹೊತ್ತಿನಲ್ಲಿ ಏನೂ ಮಾಡುತ್ತಿರಲಿಲ್ಲ; ಹೆದರಿ ನಿಂತಿದ್ದಳು, ಅಷ್ಟೆ.

“ಪಟಾಲಮ್ಮ ಸತ್ತೋದ್ರು!”

ವಾಲಗದವನೂ ಕತ್ತೆತ್ತಿ ನೋಡಿದ. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸೊಸೆಯ ಬಾಯಲ್ಲಿ ಅತ್ತೆಯ ಹೆಸರು, ಅದೂ ತುಂಬಿದ ಚಪ್ಪರದಲ್ಲಿ. ಆದರೂ ಮುನಿಗಂಗಮ್ಮನ ಬಾಯಿ ನಿಲ್ಲಲಿಲ್ಲ.

“ಪಟಾಲಮ್ಮ ಸತ್ತೋದ್ರು. ಬಾಯಿಗ್ ನೀರ್ ಬುಟ್ಟೋಳು ನಾನು. ಕಡೇದಾಗಿ ತಲೆ ಬಾಚ್ದೋಳು ನಾನು. ಇವ್ಳು ಅವ್ರಲ್ಲ. ಇವ್ಳು ನನ್ ಮಗ್ಳು, ಇವ್ಳಿಗೆ ಪದ ಬರಲ್ಲ.”

ಮರಿಯಮ್ಮ ಹುಡುಗಿಯ ಗಲ್ಲ ಹಿಡಿದೆತ್ತಿ ನೋಡಿದಳು, ಮುನಿಗಂಗಮ್ಮನ ಮುಖವನ್ನೂ ನೋಡಿದಳು. “ಮೂಗು ನಿಮ್ಮವ್ವಂದು ಕಣಮ್ಮಿ,” ಎಂದಳು, ಇವತ್ತೇ ಮೊದಲ ಸಲ ಕಂಡವಳ ಹಾಗೆ. ಆಮೇಲೆ ಹಸೆಯ ಕಡೆ ತಿರುಗಿ, ಒಡೆದ ಗಂಟಲಲ್ಲಿ, ತಾನೊಬ್ಬಳೇ ಪದ ಎತ್ತಿಕೊಂಡಳು. ಎರಡನೇ ಸಾಲಿಗೆ ಉಳಿದ ಹೆಂಗಸರೂ ಸೇರಿಕೊಂಡರು.

ವಾಪಸು ದಾರಿಯಲ್ಲಿ ಪಿಳ್ಳಪ್ಪ ಎತ್ತುಗಳನ್ನು ಸುಮ್ಮಸುಮ್ಮನೆ ಬಾರಿಸುತ್ತ ಗಾಡಿ ಹೊಡೆದ. ಇವತ್ತು ಬೆನ್ನು ಮುರಿಯುವುದು ಖಂಡಿತ ಎಂದು ಮುನಿಗಂಗಮ್ಮ ಸಿದ್ಧಳಾಗಿಯೇ ಇಳಿದಳು. ಅವನು ಎತ್ತು ಬಿಚ್ಚಿ ಕಟ್ಟಿ, ಕೊಟ್ಟಿಗೆಯ ಗೋಡೆಗೆ ಒರಗಿ ಕೂತ. ಸ್ವಲ್ಪ ಹೊತ್ತಿಗೆ ಅಳುವುದು ಕೇಳಿಸಿತು. “ಅವ್ವಾ, ಓದ್ಯೇನವ್ವಾ” ಎಂದು ತಾಯಿ ಸತ್ತ ಮಗ ಹೇಗೆ ಅಳಬೇಕೋ ಹಾಗೆ ಅತ್ತ. ಮುನಿಗಂಗಮ್ಮ ಒಂದು ಚೊಂಬು ಮಜ್ಜಿಗೆ ಹತ್ತಿರವಿಟ್ಟು ಸುಮ್ಮನೆ ಈಚೆ ಬಂದಳು. ಅಷ್ಟು ವರ್ಷದ ಅಳು, ಅಡ್ಡ ಬರಬಾರದು ಎನ್ನಿಸಿತು ಆಕೆಗೆ.

ಮಾರನೆಯ ಬೆಳಿಗ್ಗೆ ಹುಡುಗಿ ಹೊಂಗೆ ಮರದ ಕೆಳಗೆ, ಗಾಳಿಗೆ ಉದುರಿದ ಗೀಜಗನ ಗೂಡೊಂದನ್ನು ತೊಡೆಯ ಮೇಲಿಟ್ಟುಕೊಂಡು ಎಳೆ ಎಳೆಯಾಗಿ ಬಿಡಿಸುತ್ತಿದ್ದಳು. ಪಿಳ್ಳಪ್ಪ ನೇಗಿಲು ಹೊತ್ತು ಹೊರಟವನು ಅಭ್ಯಾಸಬಲದಿಂದ “ಅವ್ವಾ” ಎಂದು ಬಾಯಿ ತೆಗೆದು ತಡೆದುಕೊಂಡ. ಮುನಿಗಂಗಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವನು ನೇಗಿಲನ್ನು ಕೆಳಗಿಟ್ಟು, ಮಗಳ ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತ. ಏನೆಂದು ಕರೆಯಬೇಕೋ ತಿಳಿಯದೆ ಗೂಡು ನೋಡಿದ, ಮಗಳ ಕೈ ನೋಡಿದ, ಮೂಗು ನೋಡಿದ.

“ಏ ಗೂಡ್ ಬಿಚ್ಚೋಳೇ,” ಎಂದ ಮೆಲ್ಲಗೆ. “ಒಳಗೇನೈತೆ?”

ಹುಡುಗಿ ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

“ಕೂತ್ಕಳಪ್ಪ. ನಂಗೂ ಇನ್ನಾ ಗೊತ್ತಿಲ್ಲ.”