ನೆಲಕ್ಕಂಟಿದ ಕಾರಿಗೆ ದುಗ್ಗಪ್ಪ ಕಟ್ಟಿದ ಟ್ರೇಲರು

ಸಾಗರದ ಜೋಗ ರಸ್ತೆಯಲ್ಲಿ ಶೆಡ್ಡು ಹಾಕಿಕೊಂಡಿದ್ದ ವೆಲ್ಡಿಂಗ್ ದುಗ್ಗಪ್ಪನ ಹತ್ತಿರ ಕೆಲಸ ಕೊಟ್ಟು ಬೈಸಿಕೊಳ್ಳದೆ ಹೋದವರು ಕಡಿಮೆ. ಮುರಿದ ನೇಗಿಲು ತಂದವನಿಗೆ, "ಇದರಲ್ಲಿ ಗದ್ದೆ ಉತ್ಯೋ, ಗುಡ್ಡ ಉತ್ಯೋ?" ಎನ್ನುತ್ತಿದ್ದ. ಬಸ್ಸಿನ ಮಾಲೀಕರಿಗೂ ಅದೇ ಮರ್ಯಾದೆ. ಲಿಂಗನಮಕ್ಕಿ ಅಣೆಕಟ್ಟು ಏಳುತ್ತಿದ್ದಾಗ ಕಾರ್ಗಲ್ಲಿನ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು, ಅಲ್ಲಿನ ಮೇಸ್ತ್ರಿಯ ಜೊತೆ ಕೈಕೈ ಮಿಲಾಯಿಸಿ ಹೊರಬಿದ್ದವನು. ಕೋಪ ಅವನಿಗೆ ಮೂಗಿನ ತುದಿಯಲ್ಲಿರಲಿಲ್ಲ, ಮೈತುಂಬ ಇತ್ತು.

ಅರವತ್ತಾರನೇ ಇಸವಿಯ ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವನ ಶೆಡ್ಡಿನ ಮುಂದೆ ಜೀಪು ನಿಂತಿತು. ಅದರಿಂದ ಇಳಿದವರನ್ನು ಕಂಡ ಕೂಡಲೇ ದುಗ್ಗಪ್ಪ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟ. ತೀರ್ಥಹಳ್ಳಿ ಕಡೆಯ ವಾಸಪ್ಪಗೌಡರು. ದುಗ್ಗಪ್ಪನ ಮನೆಯವರು ಹಿಂದೆ ಅವರ ತಂದೆಯ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದರು. ಉಳುವವನಿಗೇ ಜಮೀನು ಹೋಗುವ ಕಾನೂನು ಬರುತ್ತದಂತೆ ಎಂಬ ಸುದ್ದಿ ಹಬ್ಬಿದ ವರ್ಷ, ಆ ತಂದೆ, ದೊಡ್ಡಗೌಡರು, ಆಳು ಕಳಿಸಿ ಇವರ ಮನೆಯ ಮಾಡು ಕೀಳಿಸಿದ್ದರು. ದುಗ್ಗಪ್ಪನ ಅಪ್ಪ ಸತ್ತು ಆಗಿನ್ನೂ ವರ್ಷವಾಗಿರಲಿಲ್ಲ. ಅವ್ವ ಕೆರಿಯಮ್ಮ ಅಕ್ಕಿಮುಡಿ ಅಪ್ಪಿಕೊಂಡು ಅಂಗಳದಲ್ಲಿ ನಿಂತಿದ್ದಾಗ, ವಾಸಪ್ಪ ತಂದೆಯ ತೋಟಾ ಕೋವಿ ಹೆಗಲಿಗೇರಿಸಿಕೊಂಡು ಬೇಲಿಯ ಆಚೆ ಕಾವಲು ನಿಂತಿದ್ದ. ಆಗ ಅವನಿಗೂ ದುಗ್ಗಪ್ಪನಿಗೂ ಒಂದೇ ಪ್ರಾಯ, ಮೀಸೆ ಮೂಡುವ ಪ್ರಾಯ.

"ದುಗ್ಗ ಅಲ್ಲೇನೋ ನೀನು? ದೊಡ್ಡ ಜನ ಆಗಿದೀಯ!" ಎಂದರು ಗೌಡರು.

"ಇಲ್ಲಿ ದುಗ್ಗಪ್ಪ ಅಂತಾರೆ. ಎಂತ ಆಗ್ಬೇಕಿತ್ತು, ಗೌಡ್ರೆ?"

'ಒಡೆಯಾ' ಎಂಬ ಮಾತು ಬರಲಿಲ್ಲವೆಂಬುದು ಗೌಡರ ಹುಬ್ಬಿಗೆ ತಿಳಿಯಿತು. ಆದರೆ ಅವರು ತಿರುಗಿ ಹೋಗುವ ಹಾಗಿರಲಿಲ್ಲ. ಮದ್ರಾಸಿನ ಹತ್ತಿರ ಹಿಂದೆ ವಿಮಾನ ಇಳಿಯುತ್ತಿದ್ದ ಹಳೆಯ ರನ್‌ವೇಯೊಂದರಲ್ಲಿ ನಡೆಯುವ ಕಾರಿನ ಪಂದ್ಯದ ಹುಚ್ಚು ಅವರಿಗೆ ಹಿಡಿದಿತ್ತು. ಬೆಂಗಳೂರಿನಲ್ಲಿ ಒಂದು ಹಳೆ ಕಾರಿನ ತಲೆ ಕತ್ತರಿಸಿ, ಸ್ಪ್ರಿಂಗು ಕುಗ್ಗಿಸಿ, ನೆಲಕ್ಕೆ ಹೊಟ್ಟೆ ಹಚ್ಚಿದಂಥ ಗಾಡಿ ಮಾಡಿಸಿದ್ದರು. ಅದು ಗೂಡ್ಸ್ ರೈಲಿನಲ್ಲಿ ಸಾಗರಕ್ಕೆ ಬಂದು ಇಳಿಯಿತು. ಊರಿನ ದಾರಿ ಹಿಡಿದು ಎರಡು ಮೈಲಿ ಹೋಗುವಷ್ಟರಲ್ಲಿ ರಸ್ತೆಯ ಉಬ್ಬಿನ ಮೇಲೆ ಕೂತುಬಿಟ್ಟಿತು. ಎತ್ತು ಕಟ್ಟಿ ಹಿಂದಕ್ಕೆ ಎಳೆಸಿ ಸ್ಟೇಷನ್ನಿನ ಬಳಿ ನಿಲ್ಲಿಸಿದ್ದರು. ಇನ್ನು ಅದನ್ನು ಊರಿಗೂ ಮದ್ರಾಸಿಗೂ ಹೊತ್ತುಕೊಂಡೇ ಹೋಗಬೇಕು, ಅದಕ್ಕೊಂದು ಟ್ರೇಲರು ಬೇಕು. ಶಿವಮೊಗ್ಗದ ವರ್ಕ್‌ಶಾಪಿನವರು ಈಗ ಪುರಸೊತ್ತಿಲ್ಲ, ಪಂದ್ಯ ಮುಗಿದ ಮೇಲೆ ಮಾಡಿಕೊಡುತ್ತೇವೆ ಎಂದಿದ್ದರು.

"ಬೇರೆ ಯಾರೂ ಇಲ್ಲ ಅಂತ ಬಂದಿದೀನಿ," ಎಂದರು ಗೌಡರು.

"ಗೊತ್ತಾಯ್ತು," ಎಂದ ದುಗ್ಗಪ್ಪ. ಒಪ್ಪಿಕೊಂಡದ್ದು ಯಾಕೆಂದು ಕೇಳಿದರೆ ಅವನಿಗೆ ಆಗ ಹೇಳಲು ಬರುತ್ತಿರಲಿಲ್ಲ. ಕೋವಿ ಹಿಡಿದು ನಿಂತಿದ್ದವನು ತನ್ನ ಬಾಗಿಲಲ್ಲಿ ನಿಂತು ಕಾಯುವುದನ್ನು ನೋಡುವ ಆಸೆ ಇದ್ದೀತು.

ಮೊದಲ ಟ್ರೇಲರನ್ನು ಅವನು ಎಲ್ಲರೂ ಮಾಡುವಂತೆಯೇ ಮಾಡಿದ. ಹಳೆ ಲಾರಿಯ ಆಕ್ಸಲ್ ಮೇಲೆ ಹಲಗೆಯ ಮಂಚ, ಹತ್ತಿಸಲು ಹಿಂದೆ ಎರಡು ಜಾರುಪಟ್ಟಿ. ಕಾರನ್ನು ಹತ್ತಿಸುವ ದಿನ ಪೇಟೆಯ ಅರ್ಧ ಜನ ನೋಡಲು ನೆರೆದರು. ಮುಂದಿನ ಚಕ್ರ ಮಂಚ ಹತ್ತಿತು. ಹಿಂದಿನ ಚಕ್ರ ಇನ್ನೂ ಇಳಿಜಾರಿನಲ್ಲೇ ಇತ್ತು. ನಡುವೆ ಕಾರಿನ ಹೊಟ್ಟೆ ಮಂಚದ ಅಂಚಿನ ಮೇಲೆ ಕೂತು, ತಕ್ಕಡಿಯ ಹಾಗೆ ತೂಗಿ, ಕರ್ರೆಂದು ಹಿಂದಕ್ಕೆ ಜಾರಿತು. ಅಂಚಿನ ಕಬ್ಬಿಣದಲ್ಲಿ ಉಜ್ಜದೆ ಬಿಟ್ಟಿದ್ದ ಬೆಸುಗೆಯ ಹಲ್ಲು ಎಂಜಿನ್ನಿನ ತಳ ಸೀಳಿತು. ಕಪ್ಪು ಎಣ್ಣೆ ಧೂಳಿನಲ್ಲಿ ಹರಿಯಿತು.

ಗೌಡರು ಕಾರಿನಿಂದ ಇಳಿದು ಬಂದವರೇ ದುಗ್ಗಪ್ಪನ ಕೆನ್ನೆಗೆ ಬಾರಿಸಿದರು.

"ಬೇಕಂತಲೇ ಮಾಡಿದೀಯ! ನಿಮ್ಮ ಜಾತಕವೇ ಗೊತ್ತು ನಂಗೆ. ಅನ್ನ ಹಾಕಿದ ಮನೆಗೆ ಕಲ್ಲು ಹೊಡೆಯೋರು!"

ದುಗ್ಗಪ್ಪ ಕೈ ಎತ್ತಿದ. ಜೀಪಿನ ಡ್ರೈವರ್ ಗೋಪಾಲಪ್ಪ ಹಿಂದಿನಿಂದ ಅವನನ್ನು ಅಪ್ಪಿ ಹಿಡಿದುಕೊಂಡ. "ಬ್ಯಾಡ ಮಾರಾಯ, ಪೊಲೀಸರು ಯಾರ ಕಡೆ ಅಂತ ನಿಂಗೇ ಗೊತ್ತು," ಎಂದು ಕಿವಿಯಲ್ಲಿ ಹೇಳಿದ.

ಪೆಟ್ಟಿಗಿಂತ ಹೆಚ್ಚು ನೊಂದದ್ದು ಮನೆಯಲ್ಲಿ. ಸುದ್ದಿ ಅವನಿಗಿಂತ ಮುಂಚೆ ಅಲ್ಲಿಗೆ ಮುಟ್ಟಿತ್ತು. ಕೆರಿಯಮ್ಮ ಸೊಸೆ ಸರೋಜಳನ್ನು ಒಲೆಯ ಮುಂದಿನಿಂದ ಎಬ್ಬಿಸಿ, ತಾನೇ ಮೀನಿನ ಸಾರು ಕಾಸಿದ್ದಳು. ಮಗನಿಗೆ ಬಡಿಸುತ್ತ, "ಒಳ್ಳೇ ಕೆಲಸ ಮಾಡ್ದೆ ಮಗ. ನಿನ್ನಪ್ಪನ ಜೀವ ಇವತ್ತು ತಣ್ಣಗಾಯ್ತು," ಎಂದಳು.

"ನಾನು ಬೇಕಂತ ಮಾಡಿಲ್ಲ, ಅವ್ವ."

"ಹೌದು ಹೌದು. ಕೇಳ್ದೋರಿಗೆ ಹಂಗೇ ಹೇಳು," ಎಂದು ಆಕೆ ನಕ್ಕಳು.

ದುಗ್ಗಪ್ಪ ತುತ್ತು ಕೈಯಲ್ಲೇ ಹಿಡಿದು ಕೂತ. ಬೇರೆಯವರ ನೇಗಿಲಿಗೂ ಗೇಟಿಗೂ ಅವನು ಅಂಚು ಉಜ್ಜದೆ ಕೊಟ್ಟವನಲ್ಲ. ಈ ಒಂದಕ್ಕೆ ಯಾಕೆ ಬಿಟ್ಟ? ಮರೆತದ್ದೋ, ಮನಸ್ಸೇ ಮರೆಸಿದ್ದೋ? ಇಡೀ ಸಾಗರ, ಹೆತ್ತ ತಾಯಿ, ಹೊಡೆದ ಗೌಡ ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು. ಅಲ್ಲವೆಂದು ಎದೆ ತಟ್ಟಿ ಹೇಳಲು ಅವನಿಗೇ ಧೈರ್ಯ ಬರಲಿಲ್ಲ. ಅವನು ಎಲೆ ಮಡಚಿ ಎದ್ದ.

ಮರುದಿನ ಗೋಪಾಲಪ್ಪನ ಕೈಯಲ್ಲಿ ಗೌಡರಿಗೆ ಹೇಳಿ ಕಳಿಸಿದ. ಕಾರು ರಿಪೇರಿಯಾಗುವುದರೊಳಗೆ ಟ್ರೇಲರನ್ನು ಹೊಸದಾಗಿ ಮಾಡುತ್ತೇನೆ. ಅದು ಮುಗಿಯುವವರೆಗೆ ಗೌಡರ ನೆರಳು ಶೆಡ್ಡಿನ ಮೇಲೆ ಬೀಳಬಾರದು. ಬಿದ್ದರೆ ಕಬ್ಬಿಣದ ಸರಳು ಯಾರ ಮಾತೂ ಕೇಳುವುದಿಲ್ಲ.

ಹಳೆಯದನ್ನು ಪೂರಾ ಬಿಚ್ಚಿ ಹಾಕಿದ. ಎತ್ತರಕ್ಕೆ ಹತ್ತಿಸುವುದೇ ತಪ್ಪೆನ್ನುವುದು ಈಗ ಗೊತ್ತಾಗಿತ್ತು. ಅಡ್ಡ ಆಕ್ಸಲನ್ನು ಕತ್ತರಿಸಿ ತೆಗೆದು, ಎರಡು ಚಕ್ರಗಳನ್ನೂ ಪಕ್ಕಕ್ಕೆ ಗಿಡ್ಡ ಗೂಟಗಳಿಗೆ ಸಿಕ್ಕಿಸಿ, ಚಕ್ರಗಳ ನಡುವೆ ತಗ್ಗಿನಲ್ಲಿ ಚೌಕಟ್ಟನ್ನು ತೂಗಿಬಿಟ್ಟ. ಹಲಗೆಯ ಮಂಚದ ಬದಲು ಕಾರಿನ ಚಕ್ರ ಉರುಳುವಷ್ಟು ಅಗಲದ ದೋಣಿಯಂತೆ ತಗ್ಗಾದ ಎರಡು ಉದ್ದ ಕಬ್ಬಿಣದ ಪಟ್ಟಿಗಳು, ನಡುವೆಲ್ಲ ಬಯಲು. ಹೊಟ್ಟೆಗೆ ತಾಗಲು ಅಲ್ಲಿ ಏನೂ ಇರಬಾರದು. ನೊಗ ಮೇಲೆತ್ತಿದ ಎತ್ತಿನಗಾಡಿಯ ಹಾಗೆ ಚೌಕಟ್ಟಿನ ಹಿಂಬದಿ ನೆಲಕ್ಕೆ ಬಾಗಬೇಕು, ಕಾರು ಮುಂದೆ ಸರಿದಂತೆ ಅದರ ಭಾರಕ್ಕೇ ಮಟ್ಟಕ್ಕೆ ಬರಬೇಕು, ಆಮೇಲೆ ಮತ್ತೆ ಬಾಗದಂತೆ ಮುಂದೆ ದಪ್ಪ ಕೀಲು ಬೀಳಬೇಕು. ಒಂದು ಸಲ ಚೌಕಟ್ಟು ತಿರುಚಿಕೊಂಡಿತು. ಇನ್ನೊಂದು ಸಲ ಎಷ್ಟು ತಗ್ಗಾಯಿತೆಂದರೆ ಶೆಡ್ಡಿನ ಹೊಸ್ತಿಲಿಗೇ ಉಜ್ಜಿತು. ಮತ್ತೆ ಕತ್ತರಿಸಿದ, ಮತ್ತೆ ಬೆಸೆದ.

ಕೆರಿಯಮ್ಮ ಒಂದು ದಿನ ಶೆಡ್ಡಿಗೇ ಬಂದಳು. "ಅವನ ಕಾರಿಗೆ ತೊಟ್ಟಿಲು ಕಟ್ತಾ ಇದೀಯ, ಅಲ್ದಾ?" ಎಂದು ಚೌಕಟ್ಟಿಗೆ ಉಗಿದಳು. ಅಂದಿನಿಂದ ಮಗನ ಜೊತೆ ಮಾತು ಬಿಟ್ಟಳು. ಅವನು ಊಟಕ್ಕೆ ಕೂತರೆ ಎದ್ದು ಹಿತ್ತಲಿಗೆ ಹೋಗುವಳು.

ಕಾರು ಈ ಸಲ ತಡೆಯಿಲ್ಲದೆ ಹತ್ತಿತು. ದುಗ್ಗಪ್ಪ ತಾನೇ ಜೀಪಿನಲ್ಲಿ ಗೋಪಾಲಪ್ಪನ ಪಕ್ಕ ಕೂತು ಗೌಡರ ಊರಿಗೆ ಹೊರಟ. ಉಬ್ಬು ಬಂದಲ್ಲೆಲ್ಲ ಇಳಿದು ಮುಂದೆ ನಡೆದು, ಕಲ್ಲು ಸರಿಸಿ, ಕೈ ಬೀಸಿ ಕರೆಯುತ್ತಿದ್ದ. ಹೊಸನಗರದಲ್ಲಿ ಚಹಕ್ಕೆ ನಿಂತಾಗ ಯಾರೋ, "ಇವನೇ ಅಲ್ದಾ ಗೌಡ್ರ ಕೈಲಿ ಪೆಟ್ಟು ತಿಂದವ?" ಎಂದರು. ಅವನು ಲೋಟ ಅರ್ಧಕ್ಕೇ ಇಟ್ಟು ಎದ್ದ.

ಗೌಡರ ಅಂಗಳದಲ್ಲಿ ಆಳುಕಾಳು ಎಲ್ಲ ನೆರೆದಿದ್ದರು. ಅಲ್ಲೇ ಪಕ್ಕದಲ್ಲಿ ಕಾರಿಗೆಂದು ಹೊಸದಾಗಿ ಹಂಚಿನ ಕೊಟ್ಟಿಗೆ ಎದ್ದಿತ್ತು. ಅದರ ಹಿಂದಿನ ಬಾವಿಯನ್ನು ಕಂಡು ದುಗ್ಗಪ್ಪನ ಕಾಲು ನಿಂತಿತು. ತಾನು ಹುಟ್ಟಿದ ಮನೆ ಇದ್ದದ್ದು ಆ ಕೊಟ್ಟಿಗೆಯ ಜಾಗದಲ್ಲೇ. ಕೊಟ್ಟಿಗೆಯ ನೆಲ ಈಗ ಸಿಮೆಂಟು.

ಗೌಡರು ಟ್ರೇಲರನ್ನು ಸುತ್ತಿ ಬಂದು, "ಮತ್ತೆ ತಾಗಲ್ಲ ಅಂತ ಏನು ಖಾತ್ರಿ?" ಎಂದರು.

"ಬಗ್ಗಿ ನೋಡಿ."

ಗೌಡರು ಸೊಂಟ ಬಗ್ಗಿಸಿದರು.

"ಅಷ್ಟು ಸಾಲ್ದು. ನೆಲಕ್ಕೆ ಮಲಗ್ಬೇಕು."

ಗೌಡರ ಮುಖ ಕೆಂಪೇರಿತು. ಆದರೆ ಕಾರಿನ ಮೇಲಿನ ಆಸೆ ದೊಡ್ಡದು. ಬಿಳಿ ಅಂಗಿಯಲ್ಲೇ, ಆಳುಗಳೆಲ್ಲ ನೋಡುತ್ತಿರುವಾಗ, ಅಂಗಳದ ಮಣ್ಣಿನಲ್ಲಿ ಬೋರಲು ಮಲಗಿದರು. ದುಗ್ಗಪ್ಪ ಕೀಲು ತೆಗೆದು, ಕಾರನ್ನು ತಾನೇ ನೂಕಿ ನಿಧಾನವಾಗಿ ಇಳಿಸಿದ. ಹೊಟ್ಟೆಗೂ ನೆಲಕ್ಕೂ ನಡುವೆ ಬೆಳಕು ಎಲ್ಲೂ ಕಡಿಯಲಿಲ್ಲ.

"ಕಂಡ್ತಾ?"

"ಕಂಡ್ತು," ಎಂದು ಗೌಡರು ಮಣ್ಣು ಕೊಡವಿಕೊಂಡು ಎದ್ದರು. "ಇನ್ನು ಈ ಅಂಗಳಕ್ಕೆ ಕಾಲಿಟ್ಟರೆ ನಾಯಿ ಬಿಡ್ತೀನಿ."

"ನಿಮ್ಮ ಹೊಸ ಕೊಟ್ಟಿಗೆ ಒಳಗೆ ನಾನು ಹುಟ್ಟಿದ್ದು, ಗೌಡ್ರೆ. ಕಾರು ಅಲ್ಲಿ ನಿಲ್ಸುವಾಗ ನೆನಪಿಟ್ಕೊಳ್ಳಿ," ಎಂದು ದುಗ್ಗಪ್ಪ ಬೆನ್ನು ತಿರುಗಿಸಿದ. ಮಜ್ಜಿಗೆ ತಂದ ಹೆಂಗಸಿಗೆ ಬೇಡವೆಂದು ಕೈಯಾಡಿಸಿ, ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನವರೆಗೆ ನಡೆದ.

ಮನೆಯಲ್ಲಿ ಕೆರಿಯಮ್ಮ ಮೊದಲು ಅವನ ಮುಖ ನೋಡಲಿಲ್ಲ. ಆಮೇಲೆ ಗೋಡೆಯ ಕಡೆ ತಿರುಗಿ ಕೇಳಿದಳು: "ನಮ್ಮ ಮನೆ ಇದ್ದಲ್ಲಿ ಈಗ ಎಂತ ಉಂಟು?"

"ಕಾರಿನ ಕೊಟ್ಟಿಗೆ."

"ಬಾವಿ?"

"ಬಾವಿ ಮುಚ್ಚಿಲ್ಲ. ನೀರು ಸೇದ್ತಾರೆ."

"ಅಂಥಾ ಕಾರನ್ನ ಅಲ್ಲಿ ತನಕ ಜೋಪಾನವಾಗಿ ಮುಟ್ಟಿಸಿ ಬಂದ್ಯಲ್ಲ," ಎಂದಷ್ಟೇ ಹೇಳಿದಳು. ಸಾಯುವವರೆಗೂ ಆ ಒಂದು ವಿಷಯಕ್ಕೆ ಮಗನನ್ನು ಕ್ಷಮಿಸಲಿಲ್ಲ.

ಮದ್ರಾಸಿನ ಪಂದ್ಯದಲ್ಲಿ ಎರಡನೇ ಸುತ್ತಿಗೇ ಕಾರಿನ ಎಂಜಿನ್ನು ಸುಟ್ಟಿತಂತೆ. ಟ್ರೇಲರು ಹೋದ ಹಾಗೆಯೇ ಅದನ್ನು ಹೊತ್ತುಕೊಂಡು ವಾಪಸು ಬಂತು. ಗೌಡರಿಗೆ ಹುಚ್ಚು ಇಳಿಯಿತು. ಒಂದೆರಡು ವರ್ಷದ ಮೇಲೆ ಆ ಟ್ರೇಲರಿಗೆ ಹಲಗೆ ಬಡಿದು ಭತ್ತ ಸಾಗಿಸುವ ಹಾಗೆ ಮಾಡಿಕೊಡಬೇಕೆಂದು ಗೋಪಾಲಪ್ಪನ ಹತ್ತಿರ ಹೇಳಿ ಕಳಿಸಿದರು. ಆಗ ದುಗ್ಗಪ್ಪನ ಶೆಡ್ಡಿನ ಮುಂದೆ ಟ್ರಾಕ್ಟರಿನ ಟ್ರೇಲರುಗಳು ಸಾಲುಗಟ್ಟಿ ನಿಂತಿದ್ದವು. ಅವನು ಕಪ್ಪು ಕನ್ನಡಕ ಹಣೆಗೇರಿಸಿ, "ಬೇರೆ ಯಾರೂ ಸಿಗ್ಲಿಲ್ವಂತಾ?" ಎಂದು ಕೇಳಿದ. ಉತ್ತರಕ್ಕೆ ಕಾಯದೆ ಕನ್ನಡಕ ಇಳಿಸಿ ಬೆಸುಗೆಗೆ ಬಗ್ಗಿದ.