ಗಂಜಿ ಹಚ್ಚಿದ ಚೀಟಿ

ಮೊನ್ನೆ ಮೊಮ್ಮಗಳು ಪುಸ್ತಕಕ್ಕ ರಟ್ಟು ಹಚ್ಚಾಕ ಅಂತ ಅಡಗಿಮನ್ಯಾಗ ಗಂಜಿ ಕಾಸಾಕತ್ತಿದ್ದಳು. ಆ ಹುಳಿವಾಸನಿ ಮೂಗಿಗೆ ಬಡೀತು ನೋಡ್ರಿ, ಎದಿ ಧಸಕ್ಕಂತು. ಎಂಬತ್ತು ದಾಟಿದ ಮುದುಕಿ ಗಂಜಿಗೆ ಅಂಜತಾಳ ಅಂದ್ರ ನಗತೀರಿ. ನಗ್ರಿ. ನನಗ ನಮ್ಮ ಮಾಸ್ತರು ನೆನಪಾದ್ರು…

ಅವರು ಧಾರವಾಡದ ಕಾಲೇಜಿನ್ಯಾಗ ಪ್ರಾಣಿಶಾಸ್ತ್ರ ಕಲಸತಿದ್ರು, ನಾ ಅವರ ಕಡೆ ಓದತಿದ್ದೆ. ಅದು ಬ್ರಿಟಿಷರ ಕಾಲ, ಯುದ್ಧ ಇನ್ನೂ ನಡದಿತ್ತು. ಹುಬ್ಬಳ್ಳ್ಯಾಗ ಕೊಂಬಿನ ಹಣಿಗಿ ಮಾಡೋ ಸಾಬರ ಮನಿತನ ಅವರದು. ಸಣ್ಣವರಿದ್ದಾಗ ಅಪ್ಪನ ಜೋಡಿ ಕುಂತು ಕೊಂಬಿನ ಪದರ ನೋಡಿ ನೋಡಿ ಕಣ್ಣು ಪಳಗ್ಯಾವ ಅಂತ ಹೆಮ್ಮಿಲೆ ಹೇಳತಿದ್ರು. ಆ ಕಣ್ಣ ಅವರ ಆಸ್ತಿ.

ಆ ಕಣ್ಣಿಂದ ಅವರು ನೋಡತಿದ್ದದ್ದು ದಂತಚಿಪ್ಪು. ಆನಿದಂತದ ಹಂಗ ಬಾಗಿದ, ಬಟ್ಟುದ್ದದ ಕೊಳವಿ, ಎರಡೂ ಕಡೆ ತೂತು. ಒಳಗಿರೋ ಜೀವಕ್ಕ ಕಣ್ಣಿಲ್ಲ. ಸಮುದ್ರದ ಉಸುಕಿನ್ಯಾಗ ತಲಿಕೆಳಗಾಗಿ ಹುಗದುಕೊಂಡು ಸಣ್ಣ ತುದಿ ಅಷ್ಟ ಮ್ಯಾಲ ಬಿಟ್ಟಿರತದ. “ಹಿಂದಿನ ಪಂಡಿತರು ಇದನ್ನ ಮೊದಲು ಹುಳದ ಸಾಲಿನ್ಯಾಗ ಕುಂಡ್ರಿಸಿದ್ರು, ಆಮ್ಯಾಲ ಬಸವನಹುಳದ ಸಾಲಿನ್ಯಾಗ. ಕಡೀಕ ಬ್ಯಾರೆ ಮನಿನ ಕಟ್ಟಿಕೊಟ್ರು” ಅನ್ನತಿದ್ರು ಮಾಸ್ತರು.

ತ್ರಾಸ ಏನಂದ್ರ, ಸಮುದ್ರದ ಒಂದು ಜಾತಿ ಹುಳಾನೂ ಥೇಟ್ ಅಂಥಾದ್ದ ಕೊಳವಿ ಕಟ್ಟತದ. ಎರಡೂ ಕಲ್ಲಾಗಿಬಿಟ್ರ ಮುರಿದ ತುದಿಯ ಪದರ ಎಣಿಸೇ ಹೇಳಬೇಕು: ಚಿಪ್ಪಿಗೆ ಮೂರು, ಹುಳದ ಕೊಳವಿಗೆ ಎರಡು. ಭಾಳ ಹಳೇ ಕಲ್ಲಿನ ದಂತಚಿಪ್ಪು ಅಂತ ದೊಡ್ಡ ದೊಡ್ಡ ಪುಸ್ತಕದಾಗ ಬರದದ್ದರಾಗ ಎಷ್ಟೋ ಖರೇ ಅಂದ್ರ ಹುಳದ್ದು ಅನ್ನೋದು ಮಾಸ್ತರ ವಾದ. ಹತ್ತು ವರ್ಷ ಅದಕ್ಕ ದುಡದಿದ್ರು. ಕಲ್ಲೆಲ್ಲಾ ತಿರುಚಿನಾಪಳ್ಳಿ ಕಡೆಯಿಂದ, ಮತ್ತ ಎಲ್ಲೆಲ್ಲಿಂದಲೋ ತರಿಸಿದ್ದು. “ಧಾರವಾಡದ ಕಲ್ಲಿನ್ಯಾಗ ಒಂದೂ ಸಿಗಂಗಿಲ್ಲ ತಂಗಿ, ನಮ್ಮ ಕಲ್ಲು ಚಿಪ್ಪು ಹುಟ್ಟೂಕಿಂತ ಹಿರೇದು” ಅಂತ ನಗತಿದ್ರು.

ಅವುಕ್ಕ ಹೆಸರಿನ ಚೀಟಿ ಬರದು ಅಂಟಿಸೋ ಕೆಲಸ ನನಗ ಕೊಟ್ಟಿದ್ರು. ಗೋಂದಿನ್ಯಾಗ ಮೈಲುತುತ್ತ ಕಲಸೇ ಹಚ್ಚಬೇಕು, ಇಲ್ಲಂದ್ರ ಜಿರಳಿ ತಿಂತಾವ ಅಂತ ಹತ್ತು ಸಲ ಹೇಳಿದ್ರು. ನಾ ಶಾಣ್ಯಾಕಿ ನೋಡ್ರಿ! ದೀಪಾವಳಿ ಸೂಟಿ ಹತ್ತಿರ ಬಂದಿತ್ತು, ಗೋಂದು ತೀರಿತ್ತು. ಮಾಳಮಡ್ಡ್ಯಾಗ ಸೋದರತ್ತಿ ಮನ್ಯಾಗ ಇರತಿದ್ದೆ. ಅತ್ತಿ ಸೀರಿಗೆ ಹಾಕೂ ಗಂಜಿ ಒಂದು ಬಟ್ಟಲ ತಂದು ಲಗೂನ ಮೆತ್ತಿಬಿಟ್ಟೆ.

ಸೂಟಿ ಮುಗಿಸಿ ಬಂದು ಟ್ರೇ ತಗದೆ. ಚೀಟಿನ ಇಲ್ಲ! ಜಿರಳಿ ಕಡದು ಚೂರು ಮಾಡಿದ್ವು. ನನ್ನ ಅಪ್ಪ ಹತ್ತಿ-ಅರಳಿ ವ್ಯಾಪಾರಿ, “ಒಂದು ತಕರಾರು ಮನೀತನಕಾ ಬಂತಂದ್ರ ಸಾಲಿ ಬಂದ್, ಲಗ್ನ” ಅಂತ ಹೇಳೇ ಕಳಿಸಿದ್ದ. ಅವತ್ತ ಮಧ್ಯಾಹ್ನ ಮುಂಬೈಯಿಂದ ಒಬ್ಬ ದೊಡ್ಡ ಪಂಡಿತರು ಬರಾವರಿದ್ರು. ಅವರು ನೋಡಿ ಒಪ್ಪಿದ್ರ ಮಾಸ್ತರ ಲೇಖನ ಅಚ್ಚಾಗೋದು.

ಯಾರಿಗೂ ಹೇಳಲಿಲ್ಲ. ನೆನಪಿನ ಮ್ಯಾಲೆ ಮತ್ತ ಚೀಟಿ ಬರದೆ. ಎಲ್ಲಾ ಗುರುತು ಹತ್ತಿದ್ವು, ಎರಡು ಉಳದ್ವು. ಒಂದು ಚಿಪ್ಪು, ಒಂದು ಹುಳದ್ದು. ಭೂತಗನ್ನಡಿ ಹಿಡದು ಪದರ ಎಣಿಸಿದೆ; ಮೂರು ಅಂದ್ರ ಮೂರು ಕಾಣತಾವ, ಎರಡು ಅಂದ್ರ ಎರಡು. ಹೊರಗ ಬೂಟಿನ ಸಪ್ಪಳ ಕೇಳಿಸ್ತು. ದೇವರ ಮ್ಯಾಲೆ ಭಾರ ಹಾಕಿ ಅಂಟಿಸಿಬಿಟ್ಟೆ.

ಪಂಡಿತರು ಸಾಲಾಗಿ ನೋಡಕೋತ ಬಂದ್ರು, ಆ ಎರಡರ ಹತ್ತಿರ ನಿಂತ್ರು. ಭಾಳ ಹೊತ್ತು ನೋಡಿ, ಇದು ಚಿಪ್ಪಲ್ಲ, ಹುಳದ್ದು, ಬಾಜೂಕಿನದು ಚಿಪ್ಪು ಅಂದ್ರು. ಮಂದಿ ತಪ್ಪು ತಿದ್ದಾಕ ಹೊಂಟವರು ನೀವು, ಅಂತ ನಕ್ರು.

ಮಾಸ್ತರ ಮುಖ ಬಿಳಚಿತು. ನನ್ನ ಕಡೆ ತಿರುಗಿ ಮೆತ್ತಗ ಕೇಳಿದ್ರು:

“ತಂಗಿ, ಚೀಟಿ ಬಿದ್ದಿದ್ವೇನು? ಗೋಂದನ ಹಚ್ಚಿದ್ದಿ ಹೌದಲ್ಲ?”

ನನ್ನ ಕಣ್ಮುಂದ ಅಪ್ಪ ನಿಂತಿದ್ದ.

“ಹೌದ್ರಿ ಸರ್. ಗೋಂದನ ರಿ.”

“ಹಂಗಾದ್ರ ತಪ್ಪು ನನ್ನ ಕಣ್ಣಿನದ” ಅಂದ್ರು.

ನನ್ನ ಮಾತು ನಂಬಿದ್ರು, ತಮ್ಮ ಕಣ್ಣು ನಂಬಲಿಲ್ಲ. ಅವತ್ತಿಂದ ಒಂದೊಂದ ಚಿಪ್ಪು ತಗದು ಮತ್ತ ಮತ್ತ ಎಣಿಸತಿದ್ರು. ಎಣಿಸಿದ್ದನ್ನ ಹೊಡದು ಹಾಕಿ ಮತ್ತ ಎಣಿಸತಿದ್ರು. ಲೇಖನ ಅಚ್ಚಿಗೆ ಹೋಗಲೇ ಇಲ್ಲ. ಅವರು ನನ್ನ ಕಡೆ ನೋಡಿದಾಗೊಮ್ಮೆ ಈಗ ಕೇಳತಾರ, ಈಗ ಕೇಳತಾರ ಅಂತ ಜೀವ ಕೈಯಾಗ ಹಿಡಕೊಂಡು ಎರಡು ವರ್ಷ ಕಳದೆ. ಕೇಳಲಿಲ್ಲ.

ಲಗ್ನ ಆದಮ್ಯಾಲೆ ಒಮ್ಮೆ ಹೇಳೇಬಿಡೂಣು ಅಂತ ಹುಬ್ಬಳ್ಳಿಗೆ ಅವರ ಮನೀಗೆ ಹೋದೆ. ಆಗ ನನ್ನ ಸಾಲಿ ಬಿಡಸಾವರು ಯಾರಿದ್ರು? ಆದ್ರೂ ಅಂಜಿದೆ. ಕಿಟಕ್ಯಾಗ ಮಾಸ್ತರು ಕುಂತಿದ್ರು, ಕಣ್ಣಿಗೆ ಭೂತಗನ್ನಡಿ, ಬಟ್ಟಿನ ನಡುವ ಬಾಗಿದ ಕೊಳವಿ. ತುಟಿ ಎಣಸತಿತ್ತು. ಬಾಗಿಲ ಬಡೀಲಿಲ್ಲ ನಾನು. ಹೊಳ್ಳಿ ಬಂದೆ… ಮರುವರ್ಷ ಅವರು ತೀರಿಕೊಂಡ ಸುದ್ದಿ ಬಂತು.

ಮೊನ್ನೆ ಮೊಮ್ಮಗಳಿಗೆ, ಗಂಜಿಗೆ ಚೂರು ಮೈಲುತುತ್ತ ಹಾಕು ಅಂದೆ. ಆಕಿ ನಕ್ಕಳು. “ಅಜ್ಜೀ, ಈಗೇನು ಜಿರಳಿ ತಿಂತಾವ? ನೀ ಯಾವಾಗರೆ ಬರೇ ಗಂಜಿ ಹಚ್ಚಿದ್ದೇನು?”

ಅರವತ್ತು ವರ್ಷ ಆದಮ್ಯಾಲೆ ಯಾರೋ ಕೇಳಿದ್ರು.

“ಹೌದ್ರಿ ಸರ್” ಅಂದೆ. “ಗಂಜಿನ ಹಚ್ಚಿದ್ದೆ.”