ಸೈಲೆನ್ಸರಿಗೆ ಬಳಿದ ಬೆಳ್ಳಿ ಬಣ್ಣ

ನನ್ನ ಪಿಕಪ್ ಗಾಡಿಗೆ ಹದಿನೇಳು ವರ್ಷ. ಅದರ ಹೊಗೆ ಕೊಳವೆಯನ್ನು ಎಂಜಿನ್ನಿನ ಬಾಯಿಂದ ಹಿಂದಿನ ತುದಿಯ ತನಕ ಪೂರ್ತಿ ಬದಲಿಸಿದ್ದು ಹೋದ ಚಳಿಗಾಲದಲ್ಲಿ. ಕೆಲಸ ಚೆನ್ನಾಗಿ ಆಯಿತು. ಸದ್ದು ಅರ್ಧಕ್ಕಿಂತ ಕಡಿಮೆಯಾಗಿದೆ. ಪುಣೆ ಹತ್ತಿರದ ದಿವೇ ಘಾಟಿನ ಏರನ್ನು ಮೊದಲಿಗಿಂತ ಒಂದು ಗೇರು ಮೇಲೆಯೇ ಹತ್ತುತ್ತದೆ. ಅದೇ ಕೆಲಸವನ್ನು ಎರಡು ವರ್ಷ ಮೊದಲು, ಹೇಳಬೇಕಾದವನು ಹೇಳಿದಾಗಲೇ ಮಾಡಿಸಿದ್ದರೆ ಇದನ್ನು ಬರೆಯುವ ಕಾರಣ ಇರುತ್ತಿರಲಿಲ್ಲ.

ನಾನು ಓದಿದ್ದು ವಿಜಯಪುರದ ಒಂದು ವಸತಿಶಾಲೆಯಲ್ಲಿ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು. ಪುಣೆಗೆ ಬಂದ ಮೇಲೆ ಮೂವತ್ತೊಂದು ವರ್ಷ ಒಂದು ಕಾರ್ಖಾನೆಯ ವಾಹನ ವಿಭಾಗದಲ್ಲಿ ಮೇಲ್ವಿಚಾರಕನಾಗಿದ್ದೆ. ನಿವೃತ್ತನಾದಾಗ ಸುಮ್ಮನೆ ಕೂರಲು ಆಗದೆ, ಆರು ವರ್ಷ ಓಡಿದ್ದ ಈ ಪಿಕಪ್ ಕೊಂಡೆ. ಸಾಸವಡದ ಕಡೆಯ ತೋಟಗಳಿಂದ ಅಂಜೂರ, ಸೀತಾಫಲ, ಬಟಾಣಿ ತುಂಬಿಕೊಂಡು ಮಾರ್ಕೆಟ್ ಯಾರ್ಡಿಗೆ ತರುವುದು ಅದರ ಕೆಲಸ. ನನ್ನ ಒಂದು ಕಣ್ಣು ಮಂದ, ಹಾಗಾಗಿ ನಾನು ಓಡಿಸುವುದಿಲ್ಲ. ಓಡಿಸುತ್ತಿದ್ದವನು ನನ್ನ ಹೆಂಡತಿಯ ತಮ್ಮ. ಊರಿನಿಂದ ಕಟ್ಟಡದ ಕೆಲಸಕ್ಕೆ ಬಂದು ಇಟ್ಟಿಗೆ ಹೊರುತ್ತಿದ್ದವನನ್ನು ಕರೆದು, ಲೈಸೆನ್ಸ್ ಮಾಡಿಸಿ, ಕೀಲಿ ಕೈಗೆ ಕೊಟ್ಟವನು ನಾನೇ. ಒಂಬತ್ತು ವರ್ಷ ಓಡಿಸಿದ. ಒಮ್ಮೆಯೂ ಯಾರಿಗೂ ತಾಗಿಸಲಿಲ್ಲ.

ಓಡಿಸುವುದು ಅವನದು, ನೋಡಿಕೊಳ್ಳುವುದು ನನ್ನದು. ಬೆಳಿಗ್ಗೆ ಐದೂಕಾಲಿಗೆ ಚಕ್ರ, ಎಣ್ಣೆ, ನೀರು, ಫ್ಯಾನ್ ಪಟ್ಟಿ, ದೀಪ. ಭಾನುವಾರ ಎಂಟಕ್ಕೆ ಗೋಣಿತಾಟು ಹಾಸಿ, ಬ್ಯಾಟರಿ ಹಿಡಿದು ಗಾಡಿಯ ಅಡಿಗೆ ಹೋಗುತ್ತಿದ್ದೆ. ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು ಎಂಬುದು ಕಾರ್ಖಾನೆಯ ನಿಯಮ. ಅದನ್ನು ನಾನೇ ಎಷ್ಟೋ ಜನರಿಗೆ ಕಲಿಸಿದ್ದೆ. ಕೊಳವೆಯ ಮೇಲೆ ಕೈಯಾಡಿಸುತ್ತಿದ್ದೆ, ಜೋಡಣೆಯ ನಟ್ಟು ಬಿಗಿ ನೋಡುತ್ತಿದ್ದೆ, ಪುಸ್ತಕದಲ್ಲಿ ಸರಿ ಎಂದು ಗುರುತು ಹಾಕುತ್ತಿದ್ದೆ.

ಖಂಡೇನವಮಿಯ ಹಿಂದಿನ ದಿನ ಇನ್ನೂ ಒಂದು ಕೆಲಸವಿತ್ತು. ನಮ್ಮ ಕಡೆ ಆಯುಧ ಪೂಜೆಗೆ ಯಾವ ಕಬ್ಬಿಣವೂ ತುಕ್ಕು ಹಿಡಿದು ಕೂರಬಾರದು. ಗಾಡಿಯನ್ನು ತೊಳೆದು, ಸೈಲೆನ್ಸರ್ ಮತ್ತು ಅದರ ಕೊಳವೆಗೆ ಬೆಳ್ಳಿ ಬಣ್ಣ ಬಳಿಯುತ್ತಿದ್ದೆ. ಕಾಯ್ದರೂ ಸುಲಿಯದ ಬಣ್ಣ, ಎರಡು ಕೈ. ಮರುದಿನ ಅರಿಶಿನ, ಕುಂಕುಮ, ಚೆಂಡುಹೂವಿನ ಮಾಲೆ. ಹಳೆ ಗಾಡಿ ಹೊಸದರ ಹಾಗೆ ಕಾಣುತ್ತಿತ್ತು. ಮಾರ್ಕೆಟ್ ಯಾರ್ಡಿನಲ್ಲಿ ಬೇರೆಯವರು ತಮ್ಮ ಡ್ರೈವರುಗಳಿಗೆ ನನ್ನ ಗಾಡಿ ತೋರಿಸುತ್ತಿದ್ದರು. ಅದು ನನಗೆ ಹಿತವಾಗಿತ್ತು.

ಮತ್ತೊಂದು ನಿಯಮವನ್ನೂ ಇಲ್ಲಿಯೇ ಹೇಳಿಬಿಡಬೇಕು. ಒಮ್ಮೆ ಘಾಟಿನ ಗಾಳಿಗೆ ಯಾರ್ಡಿನ ಗೇಟ್ ಚೀಟಿ ಕಿಟಕಿಯಿಂದ ಹಾರಿಹೋಗಿ, ಅಂಜೂರದ ಬುಟ್ಟಿಗಳು ಅರ್ಧ ದಿನ ಬಿಸಿಲಲ್ಲಿ ನಿಂತವು. ಅಂದಿನಿಂದ ಎರಡೂ ಗಾಜು ಪೂರ್ತಿ ಏರಿಸಿಯೇ ಓಡಿಸಬೇಕೆಂದು ಆಜ್ಞೆ ಮಾಡಿದೆ. ಅವನು ನನ್ನ ಮಾತು ಮೀರಿದವನಲ್ಲ. ಬೇಸಿಗೆಯಲ್ಲೂ ಏರಿಸಿಯೇ ಓಡಿಸಿದ.

ಕೊಳವೆ ಬದಲಿಸುವುದಕ್ಕೆ ಎರಡು ವರ್ಷ ಮೊದಲು ಅವನು ತಲೆನೋವಿನ ಮಾತು ತೆಗೆದ. ಊಟಕ್ಕೆ ಕೂತಾಗ, ತಾಟಿನ ಕಡೆ ನೋಡುತ್ತ ಹೇಳಿದ.

"ಮಾಮಾ, ಘಾಟ್ ಏರೂ ಮುಂದ ತಲಿ ಭಾಳ ಜಡ ಆಗ್ತದರಿ. ಗಾಡ್ಯಾಗ ಏನರೆ ಅದ, ನೋಡ್ರಿ."

ಗಾಡಿಯಲ್ಲಿ ಏನೂ ಇಲ್ಲ, ಭಾನುವಾರವಷ್ಟೇ ನೋಡಿದ್ದೇನೆ ಎಂದೆ. ಹೊತ್ತಿಗೆ ಸರಿಯಾಗಿ ಮಲಗು, ಚಹಾ ಕಡಿಮೆ ಮಾಡು ಎಂದೆ. ಅವನು ಚಹಾ ಬಿಟ್ಟ. ಹದಿನೈದು ದಿನ ಬಿಟ್ಟು ಮತ್ತೆ ಅದನ್ನೇ ಹೇಳಿದ. ಆ ಮುಂದಿನ ಭಾನುವಾರ ಅವನನ್ನೇ ಗಾಡಿಯ ಅಡಿಗೆ ಕರೆದು, ಬ್ಯಾಟರಿಯ ಬೆಳಕು ಬಿಟ್ಟು, ಬೆಳ್ಳಿ ಬಣ್ಣದ ಕೊಳವೆ ತೋರಿಸಿದೆ. ಎಲ್ಲಿದೆ ದೋಷ, ಬೆರಳಿಟ್ಟು ಹೇಳು ಎಂದೆ. ಅವನು ಬಹಳ ಹೊತ್ತು ನೋಡಿದ. ಏನೂ ಕಾಣಲಿಲ್ಲ. ಏನೂ ಕಾಣದಂತೆ ಬಳಿದವನು ನಾನೇ ಎಂದು ಆಗ ನನಗೂ ಗೊತ್ತಿರಲಿಲ್ಲ.

ಆಮೇಲೆ ಅವನು ತಡಮಾಡತೊಡಗಿದ. ಬರುವಾಗ ಘಾಟಿನ ತಲೆಯಲ್ಲಿ ಗಾಡಿ ನಿಲ್ಲಿಸಿ, ಒಂದು ಮರದ ಕೆಳಗೆ ಅರ್ಧ ಗಂಟೆ ಮಲಗುತ್ತಿದ್ದ. ಈ ಸುದ್ದಿ ತಂದವರು ಬೇರೆ ಡ್ರೈವರುಗಳು. ಯಾರ್ಡಿನಲ್ಲಿ ನಮ್ಮ ಮಾಲು ಇಳಿಸುವ ಹಮಾಲರ ಮುಕಾದಮ ಸಿಂದಗಿ ಕಡೆಯವನು. ಅವನ ಬಾಯಿಗೆ ನಾನು ಮೊದಲೇ ತುತ್ತು. ನನ್ನನ್ನು ಟೈಮ್ ಸಾಹೇಬ ಎಂದೇ ಕರೆಯುತ್ತಿದ್ದ. ಒಂದು ದಿನ, ಗಾಡಿಗಾಗಿ ಕಾಯುತ್ತ ನಿಂತಿದ್ದಾಗ, ಎಲ್ಲರೂ ಕೇಳುವ ಹಾಗೆ ಹೇಳಿದ: "ಸಾಹೇಬ್ರ, ನಿಮ್ಮ ಗಡಿಯಾರ ಘಾಟ್‌ನ್ಯಾಗ ನಿದ್ದಿ ಮಾಡಾಕತ್ತೈತಲ್ರಿ." ಹಮಾಲರು ನಕ್ಕರು. ನಾನು ಕೈ ಹಿಂದೆ ಕಟ್ಟಿ ನಿಂತೇ ಇದ್ದೆ.

ನಲವತ್ತು ನಿಮಿಷ ತಡವಾಗಿ ಗಾಡಿ ಬಂತು. ಅವನು ಇಳಿದಾಗ ಕಣ್ಣು ಕೆಂಪಾಗಿದ್ದವು, ಕಾಲು ಸ್ವಲ್ಪ ತಡವರಿಸಿತು. ಹಮಾಲರು ಬುಟ್ಟಿಗೆ ಕೈ ಹಾಕದೆ ನಮ್ಮಿಬ್ಬರನ್ನೇ ನೋಡುತ್ತಿದ್ದರು. ನಾನು ಅವನ ಎದುರಿಗೆ ಹೋಗಿ ನಿಂತೆ.

"ಊದು," ಎಂದೆ.

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಕೈ ಕೊರಳಿಗೆ ಹೋಯಿತು. ಅದಕ್ಕೂ ನಾಲ್ಕು ವರ್ಷ ಮೊದಲು, ಆಷಾಢದ ಯಾತ್ರೆಯ ಪಾಲಖಿ ಸಾಸವಡದಲ್ಲಿ ತಂಗಿದ್ದಾಗ, ಅದರ ಜೊತೆ ನಡೆದು ಬಂದ ಒಬ್ಬ ಹಿರಿಯ ವಾರಕರಿಯ ಕೈಯಿಂದ ತುಳಸಿ ಮಾಳ ಹಾಕಿಸಿಕೊಂಡಿದ್ದ. ಮೊದಲು ಹಬ್ಬ ಹುಣ್ಣಿಮೆಗೆ ಕುಡಿಯುತ್ತಿದ್ದವನು ಅಂದಿನಿಂದ ಮುಟ್ಟಿರಲಿಲ್ಲ.

"ಕೊರಳಾಗ ಮಾಳ ಅದರಿ ಮಾಮಾ."

"ಮಾಳ ಎಲ್ಲಾರೂ ಹಾಕ್ತಾರ. ಊದು."

ಊದಿದ. ನನ್ನ ಮುಖಕ್ಕೆ ಬಂದದ್ದು ಶೇಂಗಾ ಚಟ್ನಿಯ ವಾಸನೆ. ನಮ್ಮ ಮನೆಯದೇ ಚಟ್ನಿ, ಬೆಳಿಗ್ಗೆ ಅವನ ಅಕ್ಕ ರೊಟ್ಟಿಯ ಜೊತೆ ಕಟ್ಟಿಕೊಟ್ಟದ್ದು. ಅಲ್ಲಿಗೆ ಮಾತು ಮುಗಿಯಬೇಕಿತ್ತು. ಆದರೆ ಅಷ್ಟು ಜನರ ನಡುವೆ ನಾನು ಸೋತ ಹಾಗಾಯಿತು ಎನಿಸಿತು. ಹಾಗಾದರೆ ಬೇರೆ ಏನೋ ಸೇವಿಸುತ್ತೀಯ ಎಂದೆ. ಕೈ ಚಾಚಿ ಕೀಲಿ ಕೇಳಿದೆ. ಅವನು ಕೀಲಿ ಕೊಟ್ಟ. ಹಿಂದಿನ ಬಾಗಿಲು ತೆರೆದು ಎಲ್ಲ ಬುಟ್ಟಿಗಳನ್ನೂ ತಾನೇ ಇಳಿಸಿದ. ಮುಕಾದಮ ಈಗ ನಗುತ್ತಿರಲಿಲ್ಲ. ಬುಟ್ಟಿ ಇಳಿಸಿ ಮುಗಿಸಿದ ಮೇಲೆ ಹೆಂಡತಿಯ ತಮ್ಮ ಗೇಟಿನ ಕಡೆ ನಡೆದುಹೋದ. ಪುಣೆಯ ಇನ್ನೊಂದು ತುದಿಯ ವಾಕಡದಲ್ಲಿ ಹೊಸ ಕಟ್ಟಡಗಳಿಗೆ ನೀರು ಹಾಕುವ ಟ್ಯಾಂಕರ್ ಓಡಿಸುತ್ತಿದ್ದಾನೆ ಎಂಬ ಸುದ್ದಿ ಬಂದದ್ದು ಒಂದು ತಿಂಗಳ ಮೇಲೆ, ಅದೂ ಹೆಂಡತಿಯಿಂದ.

ಹೆಂಡತಿ ಜಗಳವಾಡಲಿಲ್ಲ. ಏಳಕ್ಕೆ ತಿಂಡಿ, ಒಂದಕ್ಕೆ ಊಟ, ಎಲ್ಲ ಹೊತ್ತಿಗೆ ಸರಿಯಾಗಿಯೇ ಬಂತು. ತಮ್ಮನ ಮಾತನ್ನು ಮಾತ್ರ ನನ್ನೆದುರು ಆಡುವುದು ಬಿಟ್ಟಳು.

ಹೊಸ ಡ್ರೈವರ್ ಬಂದ. ನನ್ನ ನಿಯಮಗಳನ್ನೆಲ್ಲ ತಲೆಯಾಡಿಸಿ ಕೇಳಿದ, ಒಂದನ್ನೂ ಪಾಲಿಸಲಿಲ್ಲ. ಎರಡೂ ಗಾಜು ಇಳಿಸಿ, ಮೊಣಕೈ ಹೊರಗೆ ಹಾಕಿ, ಹಾಡು ಹಚ್ಚಿಕೊಂಡು ಓಡಿಸುತ್ತಿದ್ದ. ಅವನಿಗೆ ತಲೆನೋವು ಬರಲಿಲ್ಲ. ನೋಡು, ಅದೇ ಗಾಡಿ, ಅದೇ ಘಾಟು, ಇವನಿಗೆ ಏನೂ ಆಗುವುದಿಲ್ಲ ಎಂದು ಒಂದು ದಿನ ಹೆಂಡತಿಗೆ ಹೇಳಿದೆ. ಆ ಮಾತು ಹೇಳುವಾಗ ನನಗೆ ಸಮಾಧಾನವಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಹೋದ ಚಳಿಗಾಲದಲ್ಲಿ ಗಾಡಿಯ ಫಿಟ್ನೆಸ್ ಪರೀಕ್ಷೆ ಹತ್ತಿರ ಬಂತು. ಹೊಗೆ ಹೆಚ್ಚಾಗಿತ್ತು, ಏರಿನಲ್ಲಿ ಗಾಡಿ ಏದುಸಿರು ಬಿಡುತ್ತಿತ್ತು. ಸಾಸವಡ ರಸ್ತೆಯಲ್ಲಿ ಸೈಲೆನ್ಸರ್ ಕೆಲಸ ಮಾಡುವ ಒಬ್ಬ ಮಿಸ್ತ್ರಿಯ ಶೆಡ್ಡಿಗೆ ಒಯ್ದೆ. ಮರಾಠಿಯವನು, ನನ್ನದೇ ವಯಸ್ಸು, ಮಾತು ಕಡಿಮೆ. ಅಡಿಯಲ್ಲಿ ಬಗ್ಗಿ ನೋಡಿ, ಕಾಕಾ, ಈ ಗಾಡಿಯನ್ನು ಓಡಿಸುತ್ತೀರೋ ಮದುವೆ ಮಾಡಿಕೊಡಲು ಹೊರಟಿದ್ದೀರೋ ಎಂದು ಕೇಳಿದ. ಬಣ್ಣ ನೋಡಿ ಹೇಳಿದ ಮಾತು. ನಾನು ಅದನ್ನು ಹೊಗಳಿಕೆ ಎಂದುಕೊಂಡೆ.

ಅವನು ಮೊದಲು ಮಾಡಿದ ಕೆಲಸ ನಾನು ಎಂದೂ ಮಾಡದ್ದು. ಎಂಜಿನ್ ಹಚ್ಚಿ, ಇಪ್ಪತ್ತು ನಿಮಿಷ ಚೆನ್ನಾಗಿ ಕಾಯಲು ಬಿಟ್ಟ. ಆಮೇಲೆ ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಗಾಜು ಏರಿಸಲು ಹೇಳಿ, ಆಕ್ಸಿಲರೇಟರ್ ಅರ್ಧ ಒತ್ತಿ ಹಿಡಿಯಿರಿ ಎಂದ. ನಾನು ಗಡಿಯಾರ ನೋಡಿಕೊಂಡು ಕುಳಿತೆ. ಎರಡನೇ ನಿಮಿಷಕ್ಕೆ ಗೇರಿನ ಬುಡದ ಹರಿದ ರಬ್ಬರಿನಿಂದ ಬಿಸಿ ಗಾಳಿ ಕಾಲಿಗೆ ತಾಗಿತು. ನಾಲ್ಕನೆಯದಕ್ಕೆ ಗಂಟಲು ಕೆರೆಯಿತು. ಏಳನೇ ನಿಮಿಷಕ್ಕೆ ಹುಬ್ಬಿನ ಮೇಲೆ ಯಾರೋ ಹೆಬ್ಬೆರಳು ಒತ್ತಿದ ಹಾಗೆ ಶುರುವಾಯಿತು. ಮಿಸ್ತ್ರಿ ಬಾಗಿಲು ತೆರೆದ.

ಎಂಜಿನ್ ಆರಿದ ಮೇಲೆ ಕೊಳವೆ ಬಿಚ್ಚಿ ಕೆಳಗಿಳಿಸಿದ. ತಂತಿ ಬ್ರಶ್ಶಿನಿಂದ ತಿಕ್ಕಿದ. ಬೆಳ್ಳಿ ಬಣ್ಣ ಪದರ ಪದರವಾಗಿ ಎದ್ದು ಬಂತು, ಒಂದೊಂದು ದಸರೆಯದು ಒಂದೊಂದು ಪದರ. ಅದರ ಅಡಿಯಲ್ಲಿ, ಕೊಳವೆಯ ಮೇಲ್ಬದಿಯಲ್ಲಿ, ಸರಿಯಾಗಿ ಸೀಟಿನ ಕೆಳಗೆ ಬರುವ ಜಾಗದಲ್ಲಿ, ಒಂದು ಗೇಣು ಉದ್ದದ ಬಿರುಕು. ತಣ್ಣಗಿದ್ದಾಗ ಬಣ್ಣದಿಂದ ಮುಚ್ಚಿಕೊಂಡು, ಕಾಯ್ದಾಗ ಬಾಯಿ ತೆರೆಯುತ್ತಿತ್ತು. ಸೀಟಿನ ಅಡಿಯ ಚಾಪೆ ಎತ್ತಿ ತೋರಿಸಿದ. ತಗಡಿನ ಮೇಲೆ ಒಲೆಯ ಹಿಂದಿನ ಗೋಡೆಯಷ್ಟು ಕಪ್ಪು ಮಸಿ. ಚಾಪೆಯನ್ನು ನಾನು ವಾರಕ್ಕೊಮ್ಮೆ ಒರೆಸುತ್ತಿದ್ದೆ. ಎತ್ತಿ ನೋಡಬೇಕೆಂದು ನನ್ನ ಪುಸ್ತಕದಲ್ಲಿ ಬರೆದಿರಲಿಲ್ಲ.

ಗಾಜು ಏರಿಸಿ ಇದನ್ನು ಯಾರು ಓಡಿಸುತ್ತಿದ್ದರು, ಅವರು ಬದುಕಿದ್ದಾರೆಯೇ ಎಂದು ಮಿಸ್ತ್ರಿ ಕೇಳಿದ. ಮನೆಯವರೇ, ಇದ್ದಾರೆ ಎಂದೆ.

ಬೆಸುಗೆ ಹಾಕಿ ಕೊಡಲೇ ಎಂದರೆ ಬೇಡ ಎಂದೆ. ಇದೇ ಗಾಡಿಯ ಈಚಿನ ಮಾದರಿಗೆ ಬರುವಂಥ ದಪ್ಪ ತಗಡಿನ, ತುಸು ಅಗಲದ ಕೊಳವೆ ಹಾಕಿಸಿದೆ, ತುಕ್ಕು ಹಿಡಿಯದ ಉಕ್ಕಿನದು. ದೊಡ್ಡ ಸೈಲೆನ್ಸರ್, ಅದನ್ನು ತೂಗಿ ಹಿಡಿಯುವ ಹೊಸ ರಬ್ಬರುಗಳು. ಮೊದಲು ಬಾಗಿಲ ಪಕ್ಕಕ್ಕೆ ಬಿಡುತ್ತಿದ್ದ ಹೊಗೆ ಈಗ ಗಾಡಿಯ ಹಿಂದಕ್ಕೆ ಹೋಗುವ ಹಾಗೆ ಕೊಳವೆ ಬಾಗಿಸಿ ಕೊಟ್ಟ. ಗೇರಿನ ರಬ್ಬರನ್ನೂ ಬದಲಿಸಿದ. ಎರಡು ದಿನದ ಕೆಲಸ. ಎರಡೂ ದಿನ ಶೆಡ್ಡಿನ ಬೆಂಚಿನ ಮೇಲೆ ಕುಳಿತು ಪ್ರತಿಯೊಂದು ಬೋಲ್ಟನ್ನೂ ನೋಡಿದೆ. ಅದರಿಂದ ಯಾರಿಗೂ ಏನೂ ಉಪಯೋಗವಿರಲಿಲ್ಲ.

ಮೂರನೆಯ ದಿನ ಹೊಸ ಡ್ರೈವರನಿಗೆ ಗಾಡಿಯನ್ನು ವಾಕಡಕ್ಕೆ ಹೊಡೆಯಲು ಹೇಳಿದೆ. ದಾರಿಯುದ್ದಕ್ಕೂ ಆಡಬೇಕಾದ ಮಾತು ಜೋಡಿಸಿದೆ. ಕಾರ್ಖಾನೆಯಲ್ಲಿ ತಪ್ಪೊಪ್ಪಿಗೆ ಪತ್ರ ಹೇಗಿರಬೇಕೆಂದು ಎಷ್ಟೋ ಜನರಿಗೆ ಹೇಳಿ ಬರೆಸಿಕೊಂಡವನು ನಾನು. ನಾನೇ ಬರೆದದ್ದು ಒಂದೂ ಇಲ್ಲ.

ಅವನು ಕಟ್ಟಡದ ಗೇಟಿನಿಂದ ಹೊರಗೆ ಬಂದ. ತಲೆಗೆ ಹಳದಿ ಟೋಪಿ, ಕೊರಳಲ್ಲಿ ಮಾಳ ಹಾಗೇ ಇತ್ತು. ಬಗ್ಗಿ ನನ್ನ ಕಾಲು ಮುಟ್ಟಿದ. ನಾನು ಹೇಳಿದ್ದು ಇಷ್ಟೇ: "ಪೈಪ್ ಬದಲಿಸೀನಿ."

ಅವನು ಟೋಪಿ ತೆಗೆದಿಟ್ಟು, ರಸ್ತೆಯ ಧೂಳಿನಲ್ಲೇ ಬೆನ್ನು ಹಚ್ಚಿ ಗಾಡಿಯ ಅಡಿಗೆ ಹೋದ. ಹೊಸ ಕೊಳವೆಯನ್ನು ಬೆರಳಿನಿಂದ ಬಡಿಯುವ ಸದ್ದು ಕೇಳಿಸಿತು. ಸೀಟಿನ ಕೆಳಗಿನ ಜಾಗಕ್ಕೆ ಬಂದು ಬಡಿಯುವುದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಹೊರಗೆ ಬಂದು ಅಂಗಿ ಝಾಡಿಸಿಕೊಂಡ.

"ಚಲೋ ಆಗೇದರಿ," ಎಂದ.

ನಿನ್ನ ಕೀಲಿ ತಂದಿದ್ದೇನೆ ಎಂದು ಕೈ ಮುಂದೆ ಮಾಡಿದೆ. ಅವನು ಕೀಲಿ ನೋಡಿದ, ಮುಟ್ಟಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನನಗೆ ತಡೆದುಕೊಳ್ಳಲು ಸುಲಭವಾಗುತ್ತಿತ್ತು. ಸಣ್ಣ ದನಿಯಲ್ಲಿ, ಮರ್ಯಾದೆಯಿಂದಲೇ ಹೇಳಿದ.

"ಇಲ್ಲೂ ದಿನಾ ಮುಂಜಾನಿ ಊದಸ್ತಾರ್ರಿ ಮಾಮಾ. ಗೇಟಿನ್ಯಾಗ ಮಷಿನ್ ಅದ. ಎಲ್ಲಾರಿಗೂ ಊದಸ್ತಾರ, ಇಂಜಿನಿಯರಗೂ. ಆ ಮಷಿನಿಗೆ ನಾ ಏನೂ ಆಗಬೇಕಾಗಿಲ್ಲ ನೋಡ್ರಿ. ಅದಕ್ಕ ನನಗ ಏನೂ ಅನಸೂದಿಲ್ಲ."

ಕೀಲಿಯನ್ನು ಜೇಬಿಗೆ ಹಾಕಿಕೊಂಡೆ. ಅಕ್ಕನ ಮೊಣಕಾಲು ಹೇಗಿದೆ ಎಂದು ಅವನೇ ಕೇಳಿದ. ಪರವಾಗಿಲ್ಲ ಎಂದೆ. ಆಮೇಲೆ ಹೊಸ ಡ್ರೈವರನ ಕಿಟಕಿಯ ಬಳಿ ಹೋಗಿ, ಮಾಮಾ ಏನೇ ಹೇಳಲಿ ಗಾಜು ಇಳಿಸಿಯೇ ಓಡಿಸು ಎಂದು ಮರಾಠಿಯಲ್ಲಿ ಹೇಳಿದ. ಆ ಹುಚ್ಚ ಡ್ರೈವರ್ ನಕ್ಕ. ಒಳಗಿನಿಂದ ಯಾರೋ ಕರೆದರು. ಅವನು ಟೋಪಿ ಹಾಕಿಕೊಂಡು ಹೋದ.

ಮನೆಗೆ ಬಂದಾಗ ಹೆಂಡತಿ ಎರಡು ವರ್ಷದಲ್ಲಿ ಮೊದಲ ಸಲ ತಮ್ಮನ ಮಾತು ತೆಗೆದು, ಏನಂದ ಎಂದು ಕೇಳಿದಳು. ಪೈಪ್ ಚಲೋ ಆಗಿದೆ ಎಂದ ಎಂದೆ. "ಹೌದಲ್ಲ," ಎಂದಳು, "ಮೊದಲ ಹೇಳಿದಂವನೂ ಅವನ ಅಲ್ಲೇನು."

ಫಿಟ್ನೆಸ್ ಪರೀಕ್ಷೆಯಲ್ಲಿ ಗಾಡಿ ಒಂದೇ ಸಲಕ್ಕೆ ಪಾಸಾಯಿತು. ಈ ಸಲ ಖಂಡೇನವಮಿಗೆ ಕೊಳವೆಗೆ ಬಣ್ಣ ಬಳಿಯಲಿಲ್ಲ. ಉಳಿದಿದ್ದ ಡಬ್ಬಿ ಒಣಗಿ ಗಟ್ಟಿಯಾಗಿತ್ತು, ಎಸೆದೆ. ಭಾನುವಾರದ ತಪಾಸಣೆ ನಿಲ್ಲಿಸಿಲ್ಲ. ಈಗ ಮೊದಲು ಎಂಜಿನ್ ಕಾಯಿಸುತ್ತೇನೆ, ಗಾಜು ಏರಿಸಿ ಹತ್ತು ನಿಮಿಷ ಒಳಗೆ ಕೂರುತ್ತೇನೆ. ಏನೂ ಆಗುವುದಿಲ್ಲ. ಪುಸ್ತಕದಲ್ಲಿ ಸರಿ ಎಂದು ಗುರುತು ಹಾಕುತ್ತೇನೆ.

ಹಾಗೆ ಕುಳಿತಿರುವಾಗಲೇ, ಎಂಟೂವರೆಗೆ, ಹೆಂಡತಿ ಚೀಲ ಹಿಡಿದು ಹೊರಗೆ ಬರುತ್ತಾಳೆ. ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ. ವಾಕಡಕ್ಕೆ ಎರಡು ಬಸ್ ಬದಲಿಸಬೇಕು, ಅವಳಿಗೆ ಬಸ್ಸಿನ ಮೆಟ್ಟಿಲು ಹತ್ತುವುದು ಕಷ್ಟ. ಗಾಡಿ ಕಾಯ್ದು ನಿಂತಿದೆ, ಡ್ರೈವರನಿಗೆ ಫೋನ್ ಮಾಡುತ್ತೇನೆ, ಬಿಟ್ಟು ಬರುತ್ತಾನೆ ಎಂದು ಪ್ರತಿ ಭಾನುವಾರ ಗಾಜು ಇಳಿಸಿ ಹೇಳುತ್ತೇನೆ.

"ಬಸ್ ಸಿಗತದ," ಎನ್ನುತ್ತಾಳೆ, ಗಾಡಿಯನ್ನು ಸುತ್ತಿಕೊಂಡು ಹೋಗುತ್ತಾಳೆ.